ಕಿವಿಯೋಲೆ, ಚೀಟಿ ಮತ್ತು ಲೆಕ್ಕದ ಪುಸ್ತಕ

ಪ್ರಕೃತ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಗುರುತಿಲ್ಲದ ವಸ್ತುವೇ ಅಪೂರ್ವವಾಗಿದೆ. ಅಂಗಡಿಯಿಂದ ತಂದ ಸೋಪಿನ ಹೊದಿಕೆಯ ಮೇಲೆ ಕಪ್ಪು ಗೆರೆಗಳ ಸಾಲೊಂದಿರುತ್ತದೆ; ಬೀಜದ ಚೀಲದ ಮೇಲೆ ಕಪ್ಪು ಬಿಳುಪು ಚೌಕಗಳ ಗುರುತಿರುತ್ತದೆ; ಕಾರಿನ ಮುಂಗನ್ನಡಿಗೆ ಫಾಸ್ಟ್ಯಾಗು ಅಂಟಿರುತ್ತದೆ; ಕೊಟ್ಟಿಗೆಯ ಹಸುವಿನ ಕಿವಿಯಲ್ಲಿ ಹಳದಿಯ ಓಲೆ ತೂಗುತ್ತಿರುತ್ತದೆ. ಇವು ಏತಕ್ಕೆಂದು ಕೇಳಿದರೆ, ಗೆರೆಗಳು ಅಂಗಡಿಯವರ ಲೆಕ್ಕಕ್ಕೆ, ಚೌಕಗಳು ಕಂಪೆನಿಯವರ ಲೆಕ್ಕಕ್ಕೆ, ಓಲೆಯು ಸರ್ಕಾರದವರ ಲೆಕ್ಕಕ್ಕೆ ಎಂದು ಜನರು ಉತ್ತರ ಕೊಡುವರು. ತಮ್ಮ ಲೆಕ್ಕಕ್ಕೆಂದು ಹೇಳುವ ರೈತರು ವಿರಳ. ಈ ಅಭಿಪ್ರಾಯವು ಸರಿಯಲ್ಲವೆಂತಲೂ, ಈ ಗುರುತುಗಳಿಂದ ಮೊದಲು ಪ್ರಯೋಜನ ಹೊಂದಬೇಕಾದವನು ಹಣ ಕೊಟ್ಟು ಕೊಳ್ಳುವ ಬೇಸಾಯಗಾರನೇ ಎಂತಲೂ, ಆತನು ಓದಿ ಕೇಳದ ಹೊರತು ಗುರುತು ಎಷ್ಟು ಉತ್ತಮವಾಗಿದ್ದರೂ ವ್ಯರ್ಥವೆಂತಲೂ ಗ್ರಾಮದ ಮುಖ್ಯಸ್ಥರಲ್ಲಿಯೂ ಭೂಮಾಲೀಕರಲ್ಲಿಯೂ ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ಗುರುತು ಹಾಕುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ದನಗಳಿಗೆ ಬರೆ ಹಾಕಿ ಗುರುತು ಮಾಡುವುದೂ, ಕುರಿಗಳ ಕಿವಿಯನ್ನು ಒಂದು ಬಗೆಯಾಗಿ ಕೊಯ್ದು ಇಂಥವರ ಹಿಂಡಿನದೆಂದು ತಿಳಿಯುವಂತೆ ಮಾಡುವುದೂ ಹಿರಿಯರ ಕಾಲದಿಂದ ನಡೆದು ಬಂದಿವೆ. ಆದರೆ ಆ ಗುರುತುಗಳು ವಸ್ತುವು ಯಾರದೆಂಬುದನ್ನು ಮಾತ್ರ ಹೇಳುತ್ತಿದ್ದುವು. ಅದು ಎಲ್ಲಿ ಹುಟ್ಟಿತು, ಎಷ್ಟು ಕೈ ಬದಲಾಯಿಸಿತು, ಯಾವ ರೋಗ ಅನುಭವಿಸಿತು ಎಂಬುದನ್ನು ಊರಿನವರ ನೆನಪೇ ಹೇಳಬೇಕಾಗಿತ್ತು. ದನವೂ ಬೀಜವೂ ಹತ್ತು ಮೈಲಿಯ ಸುತ್ತಿನಲ್ಲಿಯೇ ಕೊಳ್ಳಲ್ಪಡುತ್ತಿದ್ದಾಗ ಆ ನೆನಪು ಸಾಕಾಗಿತ್ತು. ಈಗ ಬೀಜವು ಬೇರೆ ರಾಜ್ಯದಿಂದ ಲಾರಿಯಲ್ಲಿ ಬರುತ್ತದೆ; ಹಸುವು ನಾಲ್ಕು ಜಿಲ್ಲೆಗಳನ್ನು ದಾಟಿ ನಮ್ಮ ಗೂಟಕ್ಕೆ ಬೀಳುತ್ತದೆ. ಮಾರುವವನ ಮುಖವನ್ನು ನಾವು ಮತ್ತೊಮ್ಮೆ ಕಾಣುವುದಿಲ್ಲ. ನೆನಪಿಗೆ ಬದಲಾಗಿ ಪುಸ್ತಕವೊಂದು ಬೇಕಾಗಿದೆ. ಆ ಪುಸ್ತಕದ ಪುಟವನ್ನು ತೋರಿಸತಕ್ಕ ಸಂಖ್ಯೆಯೇ ಇಂದಿನ ಗುರುತು.

ಮೊದಲು ಕಪ್ಪು ಗೆರೆಗಳ ವಿಚಾರ. ಇದಕ್ಕೆ ಬಾರ್ ಕೋಡು ಎಂದು ಹೆಸರು. ಅಮೆರಿಕಾ ದೇಶದ ನಾರ್ಮನ್ ವುಡ್‌ಲ್ಯಾಂಡ್ ಎಂಬವರು ಸಮುದ್ರತೀರದ ಮರಳಿನ ಮೇಲೆ ಕುಳಿತು, ತಂತಿ ವರ್ತಮಾನದ ಚುಕ್ಕೆ ಗೆರೆಗಳನ್ನು ಬೆರಳಿನಿಂದ ಕೆಳಮುಖವಾಗಿ ಎಳೆದು ನೋಡಿದಾಗ ಈ ಉಪಾಯವು ಹೊಳೆಯಿತಂತೆ. ಅವರೂ ಅವರ ಸ್ನೇಹಿತ ಬರ್ನಾರ್ಡ್ ಸಿಲ್ವರ್ ಎಂಬವರೂ 1952ರಲ್ಲಿ ಇದಕ್ಕೆ ಪೇಟೆಂಟು ಪಡೆದರು. 1974ನೆಯ ಇಸವಿ ಜೂನ್ 26ರಂದು ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚ್ಯೂಯಿಂಗ್ ಗಮ್ಮಿನ ಪೊಟ್ಟಣವು ಮೊದಲನೆಯದಾಗಿ ಈಗಿನ ಬಗೆಯ ಗೆರೆಗಳ ಮೂಲಕ ಲೆಕ್ಕಕ್ಕೆ ಸೇರಿತು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಗೆರೆಗಳ ಕೆಳಗೆ 13 ಅಂಕಿಗಳಿರುತ್ತವೆ. ಮೊದಲಿನ ಮೂರು ಅಂಕಿಗಳು 890 ಆಗಿದ್ದರೆ ಆ ಸಂಖ್ಯೆಯು ಭಾರತದ ಸಂಸ್ಥೆಯಿಂದ ಕೊಡಲ್ಪಟ್ಟದ್ದೆಂದು ತಿಳಿಯತಕ್ಕದ್ದು. ಅನೇಕರು ಇದನ್ನು ವಸ್ತುವು ಭಾರತದಲ್ಲಿಯೇ ತಯಾರಾಯಿತೆಂಬುದಕ್ಕೆ ಸಾಕ್ಷಿಯೆಂದು ಭಾವಿಸಿರುವರು. ಅದು ತಪ್ಪು. ಸಂಖ್ಯೆ ಪಡೆದ ವ್ಯಾಪಾರಿ ಇಲ್ಲಿ ನೋಂದಾಯಿತನಾಗಿರುವನೆಂಬುದಷ್ಟೇ ಅದರ ಅರ್ಥ. ಸರಕು ಎಲ್ಲಿಂದಲಾದರೂ ಬಂದಿರಬಹುದು.

ಹದಿಮೂರನೆಯ ಅಂಕಿಯು ಕಾವಲುಗಾರನಿದ್ದಂತೆ. ಉದಾಹರಣೆಗಾಗಿ ಕಲ್ಪಿಸಿದ 8901234567890 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಎಡದಿಂದ 1, 3, 5, 7, 9, 11ನೆಯ ಸ್ಥಾನದ ಅಂಕಿಗಳನ್ನು ಕೂಡಿದರೆ 28 ಆಗುವುದು. 2, 4, 6, 8, 10, 12ನೆಯ ಸ್ಥಾನದವನ್ನು ಕೂಡಿದರೆ 34. ಅದರ ಮೂರರಷ್ಟು 102. ಎರಡೂ ಸೇರಿ 130. ಇದು ಹತ್ತರಿಂದ ಸರಿಯಾಗಿ ಭಾಗವಾಗುವುದರಿಂದ ಕಡೆಯ ಅಂಕಿ ಸೊನ್ನೆಯಾಗಿರಬೇಕು, ಹಾಗೆಯೇ ಇದೆ. ನಡುವೆ ಒಂದು ಅಂಕಿಯನ್ನು ತಪ್ಪಾಗಿ ಓದಿದರೂ ಮೊತ್ತವು ಕೆಟ್ಟು ಯಂತ್ರವು ಅದನ್ನು ನಿರಾಕರಿಸುವುದು. ಆದರೆ ಈ ಕಾವಲುಗಾರನು ಓದುವವನ ತಪ್ಪನ್ನು ಹಿಡಿಯಬಲ್ಲನೇ ಹೊರತು ಮಾರುವವನ ಮೋಸವನ್ನು ಹಿಡಿಯಲಾರನು. ನಿಜವಾದ ಪೊಟ್ಟಣದ ಗೆರೆಗಳನ್ನು ನಕಲು ಮಾಡಿ ಅಚ್ಚು ಹಾಕಿದರೆ ಅದೂ ಸರಿಯಾಗಿಯೇ ಓದಲ್ಪಡುವುದು.

ಇಲ್ಲಿಯೇ ಮುಖ್ಯವಾದ ಭೇದವೊಂದಿದೆ; ವಾಚಕರು ಇದನ್ನು ಗಮನಿಸಬೇಕು. ಗುರುತಿನಲ್ಲಿ ಎರಡು ಬಗೆ. ಒಂದು ಜಾತಿಯ ಗುರುತು, ಮತ್ತೊಂದು ಬಿಡಿಯ ಗುರುತು. ಸೋಪಿನ ಮೇಲಿನ ಗೆರೆಗಳು ಜಾತಿಯ ಗುರುತು. ಆ ಬಗೆಯ, ಆ ತೂಕದ ಲಕ್ಷ ಸೋಪುಗಳಿದ್ದರೆ ಲಕ್ಷಕ್ಕೂ ಒಂದೇ ಸಂಖ್ಯೆ. ಹಸುವಿನ ಕಿವಿಯೋಲೆಯು ಬಿಡಿಯ ಗುರುತು. ದೇಶದಲ್ಲೆಲ್ಲಾ ಆ ಸಂಖ್ಯೆಯು ಒಂದೇ ಪಶುವಿಗೆ ಸೇರಬೇಕು. ಜಾತಿಯ ಗುರುತಿನಿಂದ ಬೆಲೆಯನ್ನೂ ಹೆಸರನ್ನೂ ತಿಳಿಯಬಹುದು. ಮೋಸವನ್ನು ಹಿಡಿಯಬೇಕಾದರೆ ಬಿಡಿಯ ಗುರುತೇ ಬೇಕು. ಏಕೆಂದರೆ ಕಳ್ಳನು ಒಂದು ಚೀಲದ ಗುರುತನ್ನು ನಕಲು ಮಾಡಿ ನೂರು ಚೀಲಗಳಿಗೆ ಅಂಟಿಸಿದರೆ, ಒಂದೇ ಸಂಖ್ಯೆಯು ಇಂದು ಹಾವೇರಿಯಲ್ಲಿಯೂ ನಾಳೆ ಮಂಡ್ಯದಲ್ಲಿಯೂ ಕಾಣಿಸಿಕೊಳ್ಳುವುದು. ಪುಸ್ತಕವಿಟ್ಟವರಿಗೆ ಕೂಡಲೇ ಸಂಶಯ ಹುಟ್ಟುವುದು. ಆದರೆ ಹಾವೇರಿಯ ರೈತನೂ ಮಂಡ್ಯದ ರೈತನೂ ತಮ್ಮ ಚೀಲಗಳನ್ನು ಓದಿಸಿದರೆ ಮಾತ್ರ ಅದು ಸಾಧ್ಯ. ಇಬ್ಬರೂ ಓದಿಸದಿದ್ದರೆ ನೂರು ಚೀಲಗಳೂ ಸದ್ದಿಲ್ಲದೆ ಮಣ್ಣು ಸೇರುವುವು. ಕೊಳ್ಳುವವರ ಕಣ್ಣೇ ಈ ಏರ್ಪಾಟಿನ ಬೀಗದ ಕೈಯಾಗಿದೆ.

ಚೌಕಗಳ ಗುರುತಾದ ಕ್ಯೂ.ಆರ್. ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೋ ಕಾರ್ಖಾನೆಯವರು ಮೋಟಾರಿನ ಬಿಡಿಭಾಗಗಳ ಲೆಕ್ಕಕ್ಕಾಗಿ ಕಲ್ಪಿಸಿದರು. ಗೆರೆಗಳಿಗಿಂತ ಬಹು ಹೆಚ್ಚಾದ ವಿವರವು ಸ್ವಲ್ಪ ಸ್ಥಳದಲ್ಲಿ ಇದರೊಳಗೆ ಹಿಡಿಯುವುದರಿಂದ ಬಿಡಿಯ ಗುರುತಿಗೆ ಇದು ಅನುಕೂಲ. ಕೇಂದ್ರ ಸರ್ಕಾರದವರು 2023ರ ಏಪ್ರಿಲಿನಲ್ಲಿ ಆರಂಭಿಸಿದ ‘ಸಾಥಿ’ ಎಂಬ ಏರ್ಪಾಟಿನಲ್ಲಿ ಬೀಜದ ಚೀಲದ ಮೇಲೆ ಇಂಥ ಗುರುತನ್ನಿಟ್ಟು, ಬೀಜವು ಬೆಳೆದ ಹೊಲದಿಂದ ಮಾರುವ ಅಂಗಡಿಯವರೆಗೆ ಅದರ ಹಾದಿಯನ್ನು ಬರೆದಿಡುವ ಉದ್ದೇಶವಿದೆ. ಅದೇ ವರ್ಷದ ಆಗಸ್ಟ್ 1ರಿಂದ ಹೆಚ್ಚು ಬಳಕೆಯ 300 ಔಷಧಿಗಳ ಪೊಟ್ಟಣಗಳ ಮೇಲೂ ಗುರುತು ಕಡ್ಡಾಯವಾಗಿದೆ. ಇದರಿಂದ ಬೀಜದ ಹಳೆಯ ಬಣ್ಣದ ಚೀಟಿಗಳನ್ನು ಮರೆಯಬಾರದು. ತಳಿತಜ್ಞರ ಬೀಜಕ್ಕೆ ಹೊಂಬಣ್ಣದ ಹಳದಿ, ಮೂಲ ಬೀಜಕ್ಕೆ ಬಿಳುಪು, ಪ್ರಮಾಣಿತ ಬೀಜಕ್ಕೆ ನೀಲಿ, ವ್ಯಾಪಾರಿಯೇ ಹೊಣೆ ಹೊತ್ತು ಬರೆದ ಬೀಜಕ್ಕೆ ತೆಳು ಹಸುರು. ಬಣ್ಣ ನೋಡಲು ಫೋನು ಬೇಕಿಲ್ಲ. ಬಣ್ಣವನ್ನೇ ನೋಡದೆ ಕೊಳ್ಳುವವರು ಚೌಕಗಳನ್ನು ಓದಿಸುವರೆಂದು ನಂಬುವುದು ಹೇಗೆ?

ಇನ್ನು ರೇಡಿಯೋ ಬಿಲ್ಲೆ. ಇದರೊಳಗೆ ಸಾಮಾನ್ಯವಾಗಿ ಬ್ಯಾಟರಿಯಿರುವುದಿಲ್ಲ. ಎಳ್ಳಿನಷ್ಟು ಸಣ್ಣ ಚಿಪ್ಪೂ ಅದಕ್ಕೆ ಸೇರಿದ ಲೋಹದ ಸುರುಳಿಯೂ ಇರುವುವು. ಓದುವ ಯಂತ್ರವು ರೇಡಿಯೋ ಅಲೆಗಳನ್ನು ಬಿಟ್ಟಾಗ ಆ ಅಲೆಯಿಂದಲೇ ಬಿಲ್ಲೆಯು ಅಲ್ಪ ವಿದ್ಯುಚ್ಛಕ್ತಿಯನ್ನು ಪಡೆದು ತನ್ನ ಸಂಖ್ಯೆಯನ್ನು ಹಿಂದಕ್ಕೆ ಹೇಳುತ್ತದೆ. ಗೆರೆಯಂತೆ ಕಣ್ಣಿಗೆ ಕಾಣಬೇಕಾದ ಅವಶ್ಯಕತೆಯಿಲ್ಲ. ಕೆಸರು ಮೆತ್ತಿದರೂ ಓದಬಹುದು. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗು ಇದೇ ಜಾತಿಯದು. ಅದು ಕೆಲವು ಗಜಗಳ ದೂರದಿಂದ ಓದಲ್ಪಡುತ್ತದೆ. ಅಂಥ ಅಲೆಗಳನ್ನು ನೀರೂ ಪ್ರಾಣಿಯ ಮೈಯೂ ಹೀರಿಕೊಳ್ಳುವುದರಿಂದ ಪಶುಗಳ ಬಿಲ್ಲೆಗೆ ಸಾಮಾನ್ಯವಾಗಿ ಸೆಕೆಂಡಿಗೆ 1,34,200 ಸಲ ಕಂಪಿಸುವ ಮಂದವಾದ ಅಲೆಯನ್ನು ಉಪಯೋಗಿಸುವರು. ಫೋನು ಇವೆಲ್ಲವನ್ನೂ ಓದುವುದೆಂದು ಕೆಲವರು ಮಾರಾಟಕ್ಕಾಗಿ ಹೇಳುವುದುಂಟು, ನಂಬಬಾರದು. ಗೆರೆಯನ್ನೂ ಚೌಕವನ್ನೂ ಯಾವ ಸ್ಮಾರ್ಟ್ ಫೋನಿನ ಕ್ಯಾಮರಾ ಆದರೂ ಓದಬಲ್ಲುದು. ಎನ್.ಎಫ್.ಸಿ. ಎಂಬ ಸಾಧನವಿರುವ ಫೋನುಗಳು ಅದಕ್ಕಾಗಿಯೇ ಮಾಡಿದ ಬಿಲ್ಲೆಯನ್ನು ಎರಡು ಮೂರು ಬೆರಳಿನ ಅಂತರದಲ್ಲಿ ಓದುವುವು. ಫಾಸ್ಟ್ಯಾಗನ್ನೂ ಪಶುವಿನ ರೇಡಿಯೋ ಬಿಲ್ಲೆಯನ್ನೂ ಓದಬೇಕಾದರೆ ಪ್ರತ್ಯೇಕ ಯಂತ್ರವೇ ಬೇಕು.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ನಮ್ಮ ಹಳ್ಳಿಗಳಿಗೆ ಬಹು ಹತ್ತಿರವಾದ ದನಗಳ ವಿಷಯಕ್ಕೆ ಬರುತ್ತೇನೆ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗಕ್ಕೂ ಕಂದು ರೋಗಕ್ಕೂ ಲಸಿಕೆ ಹಾಕುತ್ತಾ, ಪಶುಗಳ ಕಿವಿಗೆ 12 ಅಂಕಿಗಳೂ ಗೆರೆಗಳೂ ಇರುವ ಓಲೆಯನ್ನು ಹಾಕುವ ಪದ್ಧತಿ ವ್ಯಾಪಕವಾಯಿತು. ಕಾಲುಬಾಯಿ ರೋಗದ ಲಸಿಕೆ ಆರು ತಿಂಗಳಿಗೊಮ್ಮೆ ಆಗಬೇಕು. ಕಂದು ರೋಗದ ಲಸಿಕೆಯನ್ನಾದರೋ 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಂದೇ ಸಲ ಹಾಕತಕ್ಕದ್ದು. ಆ ಹಸುವು ದೊಡ್ಡದಾದ ಮೇಲೆ ಲಸಿಕೆ ಆಗಿದೆಯೋ ಇಲ್ಲವೋ ಎಂಬುದನ್ನು ಅದರ ಹಲ್ಲಾಗಲಿ ಸುಳಿಯಾಗಲಿ ಹೇಳಲಾರದು. ಓಲೆಯ ಸಂಖ್ಯೆಗೆ ಸೇರಿದ ದಾಖಲೆಯೊಂದೇ ಹೇಳಬೇಕು. 2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ರೋಗವು ಹಬ್ಬಿ ಸಾವಿರಾರು ದನಗಳು ಸತ್ತುದನ್ನೂ, ಕರೆಯುವ ಹಸುಗಳನ್ನು ಕಳೆದುಕೊಂಡ ಮನೆಗಳು ಪಟ್ಟ ಕಷ್ಟವನ್ನೂ ನೋಡಿದವರು ಈ ದಾಖಲೆಯನ್ನು ಹಗುರವಾಗಿ ಕಾಣಲಾರರು.

ಆದರೂ ನಾವು ಮಾಡುವುದೇನು? ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆಗಳ ದನಗಳ ಜಾತ್ರೆಗಳಿಗೆ ಹೋದವರೆಲ್ಲರೂ ಬಲ್ಲರು. ಬಾಯಿ ತೆರೆದು ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ, ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತೇವೆ. ಕಣ್ಣೆದುರಿಗೆ ತೂಗುವ ಓಲೆಯ ಸಂಖ್ಯೆಯನ್ನು ಮಾತ್ರ ಓದುವುದಿಲ್ಲ.

ಈ ಮಾತನ್ನು ಪರರನ್ನು ದೂರುವುದಕ್ಕಾಗಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಒಂದು ಹಸುವನ್ನು ಕೊಂಡು ತಂದೆನು. ಕಿವಿಯಲ್ಲಿ ಓಲೆಯಿತ್ತು, ವಿಮೆಯನ್ನೂ ಅದೇ ಸಂಖ್ಯೆಯ ಮೇಲೆ ಮಾಡಿಸಿದೆನು. ಹಳೆಯ ಯಜಮಾನನ ಹೆಸರಿನಿಂದ ನನ್ನ ಹೆಸರಿಗೆ ದಾಖಲೆ ಬದಲಾಯಿಸಿಕೊಳ್ಳಲು ನಾಳೆ ನಾಡಿದ್ದು ಎನ್ನುತ್ತಾ ಹೋಗಲಿಲ್ಲ. ಮಳೆಗಾಲದಲ್ಲಿ ಹಸುವು ಬೇಲಿಗೆ ನುಗ್ಗಿದಾಗ ಓಲೆಯು ಕಿತ್ತು ಬಿದ್ದಿತು. ಗಾಯಕ್ಕೆ ಅರಿಸಿನ ಹಚ್ಚಿದೆವೇ ಹೊರತು ಹೊಸ ಓಲೆ ಹಾಕಿಸಲಿಲ್ಲ. ಎರಡು ತಿಂಗಳಿಗೆ ಹಾವು ಕಚ್ಚಿ ಹಸು ಸತ್ತಿತು. ಓಲೆಯಿಲ್ಲದ ಪಶುವಿಗೆ ಪರಿಹಾರವಿಲ್ಲವೆಂಬ ನಿಬಂಧನೆಯನ್ನು ವಿಮೆಯವರು ತೋರಿಸಿದರು, ಹೆಸರೂ ನನ್ನದಾಗಿರಲಿಲ್ಲ. ಬಹುಕಾಲ ಅವರನ್ನೇ ಬೈದೆನು. ಈಗ ಯೋಚಿಸಿದರೆ ಅವರ ನಿಬಂಧನೆ ಕಠಿಣವಾದುದೆಂಬುದು ನಿಜವಾದರೂ, ನನ್ನ ಆಲಸ್ಯವೂ ಆ ನಷ್ಟಕ್ಕೆ ಪಾಲುಗಾರನೆಂಬುದು ತಿಳಿಯುತ್ತದೆ. ನನಗೆ ಇನ್ನೊಂದು ಹಸುವನ್ನು ಕೊಳ್ಳುವ ಶಕ್ತಿಯಿತ್ತು. ಒಂದೇ ಹಸುವಿನ ಹಾಲಿನಿಂದ ಸಂಸಾರ ಸಾಗಿಸುವ ಬಡವನಿಗೆ ಹೀಗಾದರೆ ಗತಿಯೇನು?

ದೊಡ್ಡ ದೇಶಗಳಲ್ಲಿಯೂ ಪುಸ್ತಕವಿಲ್ಲದ ಗುರುತಿನಿಂದ ದೊಡ್ಡ ನಷ್ಟಗಳಾಗಿವೆ. 2001ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಕಾಲುಬಾಯಿ ರೋಗವು ಕಂಡುಬರುವುದಕ್ಕೆ ಮೊದಲೇ ರೋಗ ತಗುಲಿದ ಕುರಿಗಳು ಸಂತೆಗಳ ಮೂಲಕ ಮೂಲೆಮೂಲೆಗೂ ಹೋಗಿದ್ದುವು. ಹಸುಗಳಿಗೆ 1996ರಿಂದ ರಹದಾರಿ ಪುಸ್ತಕಗಳಿದ್ದುವು. ಕುರಿಗಳಿಗಾದರೋ ಬಿಡಿಯ ಗುರುತಿರಲಿಲ್ಲ. ಯಾವ ಕುರಿ ಯಾವ ಊರಿಗೆ ಹೋಯಿತೆಂದು ಹುಡುಕುವುದರೊಳಗೆ ರೋಗವು ಮುಂದಾಗಿತ್ತು. ಕೊನೆಗೆ 60 ಲಕ್ಷಕ್ಕೂ ಮೇಲ್ಪಟ್ಟು ಪಶುಗಳನ್ನು ಕೊಲ್ಲಬೇಕಾಯಿತು. ಅವುಗಳಲ್ಲಿ ಬಹು ಭಾಗಕ್ಕೆ ರೋಗವೇ ಇರಲಿಲ್ಲ. ಅನಂತರವೇ ಯೂರೋಪಿನವರು ಕುರಿಗಳಿಗೆ ರೇಡಿಯೋ ಬಿಲ್ಲೆಯನ್ನು ಕಡ್ಡಾಯ ಮಾಡುವ ನಿಯಮವನ್ನು 2009ರ ಕೊನೆಯ ದಿನದಿಂದ ಜಾರಿಗೆ ತಂದರು. ಉರುಗ್ವೆ ದೇಶದವರು 2006ರಿಂದ ದನಗಳಿಗೆ ಇಂಥ ಬಿಲ್ಲೆಯನ್ನು ಹಾಕುತ್ತಾ ಬಂದಿರುವರು.

ಹಾಗಾದರೆ ನಾವೂ ಕೂಡಲೇ ರೇಡಿಯೋ ಬಿಲ್ಲೆಗೆ ಹೋಗಬೇಕೇ ಎಂದು ಕೇಳಬಹುದು. ನೂರಾರು ದನಗಳ ಹಿಂಡಿಗೂ ಸಾವಿರ ಕುರಿಗಳ ಮಂದೆಗೂ ಸಂತೆಯ ಬಾಗಿಲಿಗೂ ಅದು ನಿಜವಾಗಿ ಉಪಕಾರಿ. ಒಂದೊಂದನ್ನೂ ಹಿಡಿದು ಕಿವಿ ಒರಸುವ ಶ್ರಮ ತಪ್ಪುವುದು. ಎರಡು ಮೂರು ಹಸುಗಳ ಮನೆಗಾದರೋ ಈಗಿನ ಓಲೆ ಸಾಕು. ಗೆರೆ ಮಾಸಿದರೂ 12 ಅಂಕಿಗಳನ್ನು ಕಣ್ಣಿನಿಂದ ಓದಬಹುದು. ಈಗಿನ ಓಲೆಯ ಹಿಂದಿನ ದಾಖಲೆಯೇ ಸರಿಯಿಲ್ಲದಿರುವಾಗ ಬೆಲೆಬಾಳುವ ಬಿಲ್ಲೆಯನ್ನು ತಂದರೆ, ತಪ್ಪು ದಾಖಲೆಯು ಇನ್ನೂ ಬೇಗನೆ ಓದಲ್ಪಡುವುದೆಂಬುದಷ್ಟೇ ಲಾಭ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದಂತೆ ಯಂತ್ರ ಹೇಳಿದುದನ್ನೆಲ್ಲಾ ನಂಬುವುದಕ್ಕೆ ಆಗ ದಾರಿಯಾಗುವುದು. ಆದಕಾರಣ ಮೊದಲು ಪುಸ್ತಕ, ಆಮೇಲೆ ಬಿಲ್ಲೆ ಎಂಬುದು ನನ್ನ ಅಭಿಪ್ರಾಯ.

ಓಲೆಯ ವಿಷಯವಾಗಿ ರೈತರು ಹೇಳುವ ಆಕ್ಷೇಪಣೆಗಳನ್ನೂ ತಳ್ಳಿಹಾಕಬಾರದು. ಕಿವಿ ಕೀವಾಗುವುದೆಂಬುದು ಒಂದು. ಸಾಧನವನ್ನು ತೊಳೆದು, ರಕ್ತನಾಳಗಳನ್ನು ಬಿಟ್ಟು ಕಿವಿಯ ನಡುವೆ ಹಾಕಿ, ಔಷಧಿ ಹಚ್ಚಿ, ಕೆಲವು ದಿನ ನೊಣ ಕೂರದಂತೆ ನೋಡಿಕೊಂಡರೆ ಇದು ಬಹುಮಟ್ಟಿಗೆ ತಪ್ಪುವುದು. ದನಗಳನ್ನು ಎಣಿಸಿ ತೆರಿಗೆ ಹಾಕುವರೆಂಬ ಅಂಜಿಕೆ ಮತ್ತೊಂದು. ಓಲೆಯು ತೆರಿಗೆಗಾಗಿ ಏರ್ಪಟ್ಟದ್ದಲ್ಲ. ಮೂರನೆಯದು, ನಮ್ಮ ವಿವರವೆಲ್ಲಾ ಯಾರ ಕೈಗೋ ಸೇರುವುದೆಂಬ ಸಂಶಯ. ಇದು ನ್ಯಾಯವಾದ ಮಾತು. ಹಸುವನ್ನು ಕೊಳ್ಳುವವನಿಗೆ ಅದರ ಲಸಿಕೆ, ವಯಸ್ಸು, ಸೂಲುಗಳ ವಿವರವು ತಿಳಿಯಬೇಕು. ಒಡೆಯನ ಮನೆತನದ ವಿವರವೂ ಫೋನಿನ ಸಂಖ್ಯೆಯೂ ದಲ್ಲಾಳಿಗಳಿಗೆ ತಿಳಿಯಬೇಕಾದ ಕಾರಣವಿಲ್ಲ. ತನ್ನ ದಾಖಲೆಯನ್ನು ತಾನು ಕನ್ನಡದಲ್ಲಿ ಓದುವುದಕ್ಕೂ, ತಪ್ಪಿದ್ದರೆ ಸುಲಭವಾಗಿ ತಿದ್ದಿಸುವುದಕ್ಕೂ ರೈತನಿಗೆ ಅಧಿಕಾರವಿರಬೇಕು. ತನಗೆ ಮುಚ್ಚಿದ ಪುಸ್ತಕವನ್ನು ಯಾರೂ ತನ್ನದೆಂದು ಭಾವಿಸುವುದಿಲ್ಲ. ಇಲಾಖೆಯವರು ಇದನ್ನು ಮನಸ್ಸಿಗೆ ತರಬೇಕೆಂದು ಈ ಪತ್ರಿಕೆಯ ಮೂಲಕವೇ ಪ್ರಾರ್ಥಿಸುತ್ತೇನೆ.

ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ತಮ್ಮ ಊರಿನಲ್ಲಿ ಕೆಳಗೆ ಕಂಡ ಕೆಲಸಗಳನ್ನು ರೂಢಿಗೆ ತಂದರೆ ಬಹು ಉಪಕಾರವಾಗುವುದು.

1. ದನ ಕೊಳ್ಳುವಾಗ ಬೆಲೆ ಗೊತ್ತಾಗುವುದಕ್ಕೆ ಮೊದಲೇ ಓಲೆಯ 12 ಅಂಕಿಗಳನ್ನು ಓದಿ, ಪಶುವೈದ್ಯ ಶಾಲೆಯವರಿಂದ ದಾಖಲೆಯನ್ನು ವಿಚಾರಿಸಬೇಕು. ಆ ಸಂಖ್ಯೆಯನ್ನು ಕ್ರಯದ ರಸೀತಿಯಲ್ಲಿ ಬರೆಯಿಸಿ, ತಡಮಾಡದೆ ಕೊಂಡವನ ಹೆಸರಿಗೆ ಬದಲಾಯಿಸಬೇಕು.

2. ಊರಿನ ದನಗಳ ಸಂಖ್ಯೆ, ಒಡೆಯನ ಹೆಸರು, ಲಸಿಕೆಯ ದಿನ ಇವುಗಳನ್ನು ಕಾಗದದ ಪುಸ್ತಕದಲ್ಲಿಯೂ ಬರೆದಿಡಬೇಕು. ಫೋನು ಕೆಟ್ಟರೂ ಇದು ಉಳಿಯುವುದು.

3. ಓಲೆ ಬಿದ್ದರೆ ಅದೇ ವಾರದಲ್ಲಿ ಹೊಸದನ್ನು ಹಾಕಿಸಿ, ಹಳೆಯ ಹೊಸ ಸಂಖ್ಯೆಗಳೆರಡನ್ನೂ ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪಶುವು ಸತ್ತರೂ ಮಾರಲ್ಪಟ್ಟರೂ ದಾಖಲೆಗೆ ಸೇರಿಸಬೇಕು.

4. ಬೀಜದ ಚೀಲವನ್ನು ಹಣ ಕೊಡುವ ಮೊದಲು ಓದಿಸಬೇಕು. ಚೀಲ, ಚೀಟಿ, ರಸೀತಿ ಹಾಗೂ ಒಂದು ಹಿಡಿ ಬೀಜವನ್ನು ಕೊಯಿಲಿನವರೆಗೆ ಜೋಪಾನವಾಗಿಡಬೇಕು. ಗುರುತು ಓದದಿದ್ದರೆ ಅಥವಾ ವಿವರವು ಚೀಟಿಯೊಡನೆ ಹೊಂದದಿದ್ದರೆ ಬಿತ್ತದೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು.

5. ಫೋನಿಲ್ಲದ ಮನೆಗಳಿಗಾಗಿ ಓದುಬರಹ ಬಲ್ಲ ಯುವಕನನ್ನೋ ಯುವತಿಯನ್ನೋ ಈ ಕೆಲಸಕ್ಕೆ ಗೊತ್ತುಮಾಡಬೇಕು. ಚೌಕದ ಗುರುತುಗಳೆಲ್ಲವೂ ವಸ್ತುವಿನ ಗುರುತಲ್ಲವೆಂದೂ, ಕೆಲವು ಹಣ ಸಲ್ಲಿಸುವವೆಂದೂ, ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆಯನ್ನು ಒತ್ತಬೇಕಾದುದೇ ಇಲ್ಲವೆಂದೂ ಎಲ್ಲರಿಗೂ ತಿಳಿಯಹೇಳಬೇಕು.

ಈ ಕೆಲಸಗಳಲ್ಲಿ ಯಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ. ಬೇಕಾದುದು ಕೇಳುವ ಅಭ್ಯಾಸ. ಹಳ್ಳಿಯಲ್ಲಿ ಒಬ್ಬ ದೊಡ್ಡ ರೈತನು ಅಂಗಡಿಯ ಮುಂದೆ ನಿಂತು ಚೀಲವನ್ನು ಓದಿಸಿ ಕೊಂಡರೆ, ಹಿಂದೆ ನಿಂತ ಹತ್ತು ಜನರೂ ಹಾಗೆಯೇ ಮಾಡುವರು. ವ್ಯಾಪಾರಿಯೂ ಆ ಊರಿಗೆ ಕಳಪೆ ಸರಕನ್ನು ತರಲು ಅಂಜುವನು. ಮೇಲಿನವರು ಕೇಳದೆ ಕೊಂಡರೆ ಬಡವರು ಕೇಳುವ ಧೈರ್ಯ ಮಾಡಲಾರರು. ಮುಂದಿನ ಮುಂಗಾರಿನ ಬೀಜವನ್ನು ಕೊಳ್ಳುವುದಕ್ಕೆ ಮೊದಲು, ಮುಂದಿನ ಜಾತ್ರೆಗೆ ಹಗ್ಗ ಹಿಡಿದು ಹೊರಡುವುದಕ್ಕೆ ಮೊದಲು, ಮುಖ್ಯಸ್ಥರು ಊರಿನವರನ್ನು ಒಂದು ಸಂಜೆ ಸೇರಿಸಿ ಈ ಮಾತುಗಳನ್ನು ತಿಳಿಸುವರೆಂದು ನಂಬಿದ್ದೇನೆ.